ನಮ್ಮೂರಿನಲ್ಲಿ ಮಲಗುವ ಬಸ್ಸು

ನಮ್ಮೂರಿನಲ್ಲಿ ಒಂದು ಬಸ್ಸು ಮಲಗುತ್ತದೆ. ಕತ್ತಲಾಗುವ ಹೊತ್ತಿಗೆ ಕುಂದಗೋಳದಿಂದ ಬಂದು, ಪಂಚಾಯಿತಿ ಕಟ್ಟಡದ ಬಾಜು ಬೇವಿನ ಗಿಡದ ಕೆಳಗೆ ನಿಂತುಬಿಡುತ್ತದೆ. ಮರುದಿನ ಕೋಳಿ ಕೂಗಿದ ಮೇಲೆ, ಹಾಲಿನವನು ಬರುವ ಮೊದಲು, ಎರಡು ಸಲ ಕೆಮ್ಮಿ ಎದ್ದು ಹೊರಡುತ್ತದೆ. ಇದಕ್ಕೆ ನಮ್ಮ ಕಡೆ ವಸ್ತಿ ಬಸ್ಸು ಅನ್ನುತ್ತಾರೆ. ಡ್ರೈವರು, ಕಂಡಕ್ಟರು ಇಬ್ಬರೂ ಊರಿನಲ್ಲೇ ಉಳಿಯುತ್ತಾರೆ. ಪಂಚಾಯಿತಿಯ ಹಿಂದಿನ ಖೋಲಿಯಲ್ಲಿ ಅವರ ಹಾಸಿಗೆ. ಊಟ ಊರಿನ ಮನೆಗಳಿಂದ, ಪಾಳಿಯ ಮೇಲೆ, ದಿನಕ್ಕೊಂದು ಮನೆ.

ನನ್ನ ಮೊಣಕಾಲು ಈಗ ನನ್ನ ಮಾತು ಕೇಳುವುದಿಲ್ಲ. ಎಚ್ಚರ ಮಾತ್ರ ಬೇಗ ಆಗುತ್ತದೆ. ಹಾಸಿಗೆಯಲ್ಲೇ ಕಣ್ಣು ಮುಚ್ಚಿಕೊಂಡು ಆ ಕೆಮ್ಮು ಕೇಳುತ್ತೇನೆ. ಬಸ್ಸು ಹಳ್ಳದ ಕಡೆ ಹೋದದ್ದು, ಅಲ್ಲಿಂದ ಹೊಳ್ಳಿ ಬಂದದ್ದು ಕೇಳಿದ ಮೇಲೆ ಚಹಾಕ್ಕೆ ಏಳುತ್ತೇನೆ.

ಹೋದ ತಿಂಗಳು ಧಾರವಾಡದಲ್ಲಿ ಓದುವ ಮೊಮ್ಮಗಳು ರಜೆಗೆ ಬಂದಿದ್ದಳು. ಫೋನಿನ ರೆಕಾರ್ಡರ್ ಹಚ್ಚಿ ನನ್ನ ಎದುರು ಕುಳಿತಳು. ಕಾಲೇಜಿನಲ್ಲಿ ಏನೋ ಪ್ರಾಜೆಕ್ಟಂತೆ.

“ಅಜ್ಜಿ, ಗ್ರಾಮ ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಆಮ್ಯಾಲೆ ಸ್ಟೇಟ್ ಲೆವಲ್. ಇಷ್ಟೆಲ್ಲಾ ಪಾಲಿಟಿಕ್ಸ್ ಮಾಡೀದಿ. ನಿನ್ನ ಬಿಗ್ಗೆಸ್ಟ್ ಅಚೀವ್‌ಮೆಂಟ್ ಏನು ಹೇಳು.”

“ಬಸ್ಸು.”

“ಅಜ್ಜಿ, ಸೀರಿಯಸ್ ಆಗಿ ಹೇಳು.”

“ಸೀರಿಯಸ್ಸಾಗೇ ಹೇಳಾಕತ್ತೇನಿ.”

ಅವಳು ರೆಕಾರ್ಡರ್ ಬಂದ್ ಮಾಡಿ ಅಡುಗೆಮನೆಗೆ ಹೋದಳು. ಹೇಳಲು ಆಗದ್ದನ್ನು ಬರೆದಾದರೂ ಇಡೋಣವೆಂದು ಕುಳಿತಿದ್ದೇನೆ.

ನಾನು ಹುಬ್ಬಳ್ಳಿಯ ಹುಡುಗಿ. ಅಪ್ಪ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಬೆನ್ನು ನೆಟ್ಟಗೆ ಇಟ್ಟು ಕೂರುವುದನ್ನು ಕಲಿಸಿದರು. ಸಿಟ್ಟು ಬಂದಾಗ ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡುವುದನ್ನೂ ಕಲಿಸಿದರು. ಮುಂದೆ ಸರ್ಕಾರಿ ಕಚೇರಿಗಳಲ್ಲಿ ಈ ಎರಡನೆಯ ವಿದ್ಯೆ ಬಹಳ ಉಪಯೋಗಕ್ಕೆ ಬಂತು. ಮದುವೆಯಾಗಿ ಕುಂದಗೋಳ ತಾಲೂಕಿನ ಈ ಊರಿಗೆ, ಯರಗುಪ್ಪಿಯ ಕಡೆಯ ಕರಿ ನೆಲಕ್ಕೆ ಬಂದೆ. ಮೊದಲ ಮಳೆಗಾಲದಲ್ಲಿ ಎರೆಮಣ್ಣು ನನ್ನ ಒಂದು ಸ್ಯಾಂಡಲ್ ಇಟ್ಟುಕೊಂಡಿತು. ಇನ್ನೂ ವಾಪಸ್ ಕೊಟ್ಟಿಲ್ಲ.

ಪಂಚಾಯಿತಿಯಲ್ಲಿ ಹೆಣ್ಣುಮಕ್ಕಳಿಗೆ ಸೀಟು ಮೀಸಲು ಎಂದಾದ ವರ್ಷ ಊರಿನ ಹಿರಿಯರು ನಮ್ಮ ಪಡಸಾಲೆಗೆ ಬಂದು ಮಾವನವರ ಎದುರು ಕುಳಿತರು.

“ನಿಮ್ಮ ಸೊಸಿನ್ನ ನಿಲ್ಲಸ್ರಿ ಗೌಡ್ರ. ಇಂಗ್ಲಿಷ್ ಬರ್ತೈತಿ, ಸಹಿ ಚಂದ ಮಾಡ್ತಾರ, ಸುಮ್ನ ಕೂಡ್ರತಾರ.”

ಒಳಗಿನಿಂದ ಅತ್ತೆಯ ದನಿ ಬಂತು. “ಮೊದಲಿನ ಎರಡೂ ಖರೇನ. ಮೂರನೇದಕ್ಕ ನಾ ಜವಾಬ್ದಾರಿ ಅಲ್ರಿ.”

ಆರಿಸಿ ಬಂದವರೆಲ್ಲ ಪ್ರಮಾಣ ಮಾಡುವ ದಿನವೇ ನನ್ನ ಗೆಳತಿ ನನಗೆ ಸಿಕ್ಕಳು. ಕುರಿ ಮೇಯಿಸುವ ಮನೆತನದವಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಅವಳದೂ ಮೀಸಲು ಸೀಟು. ತಾಲೂಕಿನಿಂದ ಬಂದಿದ್ದ ಅಧಿಕಾರಿ ಪೂರ್ತಿ ಹೆಸರು ಹೇಳಿ ಪ್ರಮಾಣ ಮಾಡಿರೆಂದರು. ನಮ್ಮ ಕಡೆ ಪೂರ್ತಿ ಹೆಸರೆಂದರೆ ನಡುವೆ ಗಂಡನ ಹೆಸರು ಬರಬೇಕು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದು ಹೇಗೆ? ಆಕೆ ತನ್ನ ಹೆಸರು ಹೇಳಿ ನಿಂತುಬಿಟ್ಟಳು.

“ಮುಂದ ಹೇಳಮ್ಮ,” ಎಂದರು ಅಧಿಕಾರಿ.

“ಹಂಗ ಹೇಳಾಕ ಬರೂದಿಲ್ರಿ ಸಾಹೇಬ್ರ. ಒಡಪು ಕಟ್ಟಿ ಹೇಳ್ಲೇನ್ರಿ?”

“ಇದು ಪ್ರಮಾಣವಚನ. ಮದುವಿ ಮನಿ ಅಲ್ಲ.”

“ಹಂಗಾರ ನೀವ ಹೇಳ್ರಿ, ನಾ ಹೂಂ ಅಂತೀನಿ.”

ಕೊನೆಗೆ ಅಧಿಕಾರಿ ಸೋತು ಕೈಬೀಸಿದರು. ಆಕೆ ಸೆರಗು ಸರಿಮಾಡಿಕೊಂಡು, ಹೆಗಲ ಮ್ಯಾಲ ಕರಿ ಕಂಬಳಿ, ಬಿಳಿ ಕುರಿ ಬೆನ್ನ ಹಿಂದ, ಅವರ ಹೆಸರ ಹೇಳತೇನಿ ಸರಕಾರದ ಮುಂದ ಎಂದು ರಾಗವಾಗಿ ಹೇಳಿ ಹೆಸರು ಮುಗಿಸಿದಳು. ಕಿಟಕಿಯ ಹೊರಗೆ ನಿಂತಿದ್ದ ಗಂಡಸರು ಚಪ್ಪಾಳೆ ಹೊಡೆದರು. ಅವಳ ಗಂಡ ಮಾತ್ರ ನಾಚಿಕೊಂಡು ಗಿಡದ ಹಿಂದೆ ಹೋದ. ಅವಳ ನಂತರ ನನ್ನ ಸರದಿ. ನಾನು ಕಾನ್ವೆಂಟಿನವಳು, ಗಂಡನ ಹೆಸರನ್ನು ಸೀದಾ ಹೇಳಿದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ನಮ್ಮವರ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಆ ಕಾಲದಲ್ಲಿ ಸದಸ್ಯೆ ಹೆಂಡತಿಯಾದರೆ ಕುರ್ಚಿಯಲ್ಲಿ ಗಂಡ ಕೂರುವುದು ನಡೆದೇ ಇತ್ತು. ನಮ್ಮವರು ನನ್ನನ್ನು ಮೋಟರ್‌ಸೈಕಲ್ ಮೇಲೆ ಕರೆತಂದು ಇಳಿಸಿ, ಮೀಟಿಂಗ್ ಮುಗಿಯುವವರೆಗೆ ಬೇವಿನ ಗಿಡದ ಕೆಳಗೆ ಪೇಪರ್ ಓದುತ್ತಾ ಕುಳಿತಿರುತ್ತಿದ್ದರು. “ಒಳಗ ಬರ್ರಿ ಗೌಡ್ರ,” ಎಂದು ಯಾರಾದರೂ ಕರೆದರೆ, “ನಾ ಡ್ರೈವರ್ ರೀ, ಡ್ರೈವರ್ ಒಳಗ ಬರೂದಿಲ್ಲ,” ಅನ್ನುತ್ತಿದ್ದರು.

ಹೀಗೆ ಪಂಚಾಯಿತಿಯಲ್ಲಿ ಎರಡು ಅವಧಿ ಕಳೆದು ನಾನು ಜಿಲ್ಲಾ ಪಂಚಾಯಿತಿಗೆ ಹೋದೆ. ಗೆಳತಿ ಊರಿನ ಪಂಚಾಯಿತಿಯಲ್ಲೇ ಉಳಿದಳು. ಒಂದು ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ಬಂದು ನನ್ನೆದುರು ಕುಕ್ಕರಗಾಲಿನಲ್ಲಿ ಕುಳಿತಳು.

“ಅಕ್ಕಾರ, ಮಗಳು ಮೆಟ್ರಿಕ್ ಪಾಸಾದ್ಳು. ಫಸ್ಟ್ ಕ್ಲಾಸು.”

“ಭಾಳ ಚಲೋ ಆತಲ್ಲ! ಮತ್ಯಾಕ ಮಾರಿ ಸಣ್ಣ ಮಾಡೀದಿ?”

“ಅವ್ರು ಏನಂದ್ರು ಗೊತ್ತೈತೇನ್ರಿ? ಬಸ್ ಬಂದ್ರ ಕಾಲೇಜು, ಇಲ್ಲಂದ್ರ ಅಕ್ಕಿಕಾಳು ಅಂದ್ರು. ನನ್ನ ತಮ್ಮ ಅಕಿನ್ನ ಮಾಡ್ಕೊಳ್ಳಾಕ ಹೂಂ ಅಂತ ಕುಂತಾನ. ಮಳಿಗಾಲ ಮುಗಿದ್ರ ಮದುವಿ.”

ಅವಳ ಗಂಡ ಕೆಟ್ಟವನಲ್ಲ. ಕಾಲೇಜು ಇದ್ದದ್ದು ಕುಂದಗೋಳದಲ್ಲಿ. ನಮ್ಮೂರಿಗೆ ಬರುತ್ತಿದ್ದ ಒಂದೇ ಬಸ್ಸು ಬಿಸಿಲೇರಿದ ಮೇಲೆ ಬರುತ್ತಿತ್ತು. ಅದನ್ನು ಹತ್ತಿ ಹೋದರೆ ಅರ್ಧ ಪಾಠ ಮುಗಿದಿರುತ್ತಿತ್ತು. ಗಂಡು ಹುಡುಗರು ಸೈಕಲ್ ಮೇಲೆ ಹೋಗುತ್ತಿದ್ದರು. ಹುಡುಗಿಯರು ಹತ್ತನೆಯದಕ್ಕೆ ನಿಲ್ಲುತ್ತಿದ್ದರು, ಪಾಸಾದವರೂ ನಿಲ್ಲುತ್ತಿದ್ದರು. ಆ ಹುಡುಗಿಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಕುರಿಮರಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಅದಕ್ಕೆ ಮಗ್ಗಿ ಹೇಳಿಕೊಡುತ್ತಿದ್ದವಳು. ಮುಂಜಾನೆಯ ಬಸ್ಸೊಂದಿದ್ದರೆ ಅವಳು ಕಾಲೇಜಿಗೆ ಹೋಗುತ್ತಾಳೆ, ಇಲ್ಲದಿದ್ದರೆ ಇಲ್ಲ. ಅಷ್ಟೇ.

ಹುಬ್ಬಳ್ಳಿಯಲ್ಲಿ ಬಸ್ಸಿನ ಕಚೇರಿಗೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಅಲ್ಲಿಯ ಅಧಿಕಾರಿ ತಾಳ್ಮೆಯವರು.

“ಮೇಡಂ, ಅಷ್ಟು ಮುಂಜಾನೆ ಬಸ್ ಹೊಂಡಬೇಕಂದ್ರ ಹಿಂದಿನ ದಿನಾನ ಅಲ್ಲಿ ವಸ್ತಿ ಮಾಡಬೇಕು. ನಿಮ್ಮೂರಾಗ ನಮ್ಮ ಸ್ಟಾಫ್ ಉಳಿಯೂದಿಲ್ರಿ. ನೀರು ಸವಳು, ಖಾನಾವಳಿ ಇಲ್ಲ. ಉಪವಾಸ ಮಲಗಿ ಬಸ್ ಹೊಡಿ ಅನ್ನಾಕ ಬರತೈತೇನು?”

ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. “ಅವರು ನಿಮಗಿಂತ ಚಲೋ ಉಣ್ತಾರ ಸರ್. ಐ ಗ್ಯಾರಂಟೀ.”

ಅವರು ನಕ್ಕು, ಅದನ್ನೇ ಬರೆದುಕೊಡಿ ಎಂದು ಕಾಗದ ಮುಂದಕ್ಕೆ ತಳ್ಳಿದರು. ಊರಿನವರು ಊಟದ ಪಾಳಿ ಒಪ್ಪಿದರು, ಮಲಗಲು ಖೋಲಿ ಸುಣ್ಣ ಬಳಿದು ಸಿದ್ಧವಾಯಿತು. ತಕರಾರು ಬಂದದ್ದು ಹಳ್ಳದಾಚೆಯ ಊರಿನಿಂದ. ನಮ್ಮೂರಿನಿಂದ ಒಂದು ಹಳ್ಳ ದಾಟಿದರೆ ಆ ಊರು. ನಮ್ಮದಕ್ಕಿಂತ ದೊಡ್ಡದು, ರಸ್ತೆ ಮುಗಿಯುವುದು ಅಲ್ಲಿ. ನನಗೆ ಗುಡ್ಡೆಯಾಗಿ ವೋಟು ಬೀಳುತ್ತಿದ್ದದ್ದೂ ಅಲ್ಲಿಯೇ. ಗೆಳತಿಯನ್ನು ಕರೆದುಕೊಂಡು ಅವರ ಚಾವಡಿಗೆ ಹೋದೆ. ಅಲ್ಲಿಯ ಹಿರಿಯರೊಬ್ಬರು ಎಲೆ ಅಡಿಕೆ ಪಕ್ಕಕ್ಕಿಟ್ಟು ಕೇಳಿದರು.

“ಅಲ್ಲವಾ, ರಸ್ತಾ ಮುಗಿಯೂದು ನಮ್ಮೂರಾಗ, ಬಸ್ ಮಲಗೂದು ನಿಮ್ಮೂರಾಗ. ನಮ್ಮೂರು ಏನ್ ನಿಮ್ಮ ಹಿತ್ತಲೇನು?”

“ಹಂಗಲ್ರಿ ಕಾಕಾ. ಹಳ್ಳ ಬಂದ್ರ ಬಸ್ ಆಚೀಕ ಸಿಗಿಬೀಳ್ತೈತಿ. ಎರಡೂ ಊರಿನವರಿಗೆ ಇಲ್ಲದಂಗ ಆಗ್ತೈತಿ.”

“ಹಳ್ಳ ವರ್ಷದಾಗ ನಾಕು ದಿನ ಬರ್ತೈತಿ. ಮರ್ಯಾದಿ ದಿನಾ ಹೋಗ್ತೈತಿ.”

ನಾನು ತಿರುಗಿ ನೋಡಿದೆ. ಗೆಳತಿ ಬಾಗಿಲ ಬಳಿ ಕಂಬಕ್ಕೆ ಒರಗಿ ನಿಂತಿದ್ದಳು.

“ಕಾಕಾ, ನಾ ಒಂದ್ ಮಾತು ಹೇಳ್ಲೇನ್ರಿ? ಬಸ್ ನಮ್ಮೂರಾಗ ಮಲಗಲಿ. ಮುಂಜಾನೆ ಎದ್ದು ಮಾರಿ ತೊಳಕೊಂಡು ಮೊದಲ ನಿಮ್ಮೂರಿಗೆ ಬರಲಿ. ನಿಮ್ಮವ್ರು ಆರಾಮಾಗಿ ಕುಂತ ಮ್ಯಾಲ ಹೊಳ್ಳಿ ನಮ್ಮೂರಿಗೆ ಬರಲಿ. ನಿದ್ದಿ ನಮಗ, ಸೀಟು ನಿಮಗ.”

ಚಾವಡಿಯಲ್ಲಿ ಯಾರೋ ನಕ್ಕರು. ಹಿರಿಯರು ಗಡ್ಡ ಕೆರೆದುಕೊಂಡರು. “ಮತ್ತ ನಿಮ್ಮ ಹುಡುಗ್ಯಾರು?”

“ನಿಂತು ಹೋಗ್ತಾರ್ರಿ. ಕುರಿಯವರ ಮಕ್ಕಳಿಗೆ ನಿಲ್ಲೂದು ಹೊಸಾದೇನ್ರಿ?”

ದಾರಿಯಲ್ಲಿ ಬರುವಾಗ ಕೇಳಿದೆ, “ನಿನ್ನ ಮಗಳೂ ನಿಲ್ಲಬೇಕಲ್ಲ?” ಎಂದು. ಆಕೆ, “ಹಸಿಮಣಿ ಮ್ಯಾಲ ಕುಂದ್ರೂದಕಿಂತ ಬಸ್ಸಿನ್ಯಾಗ ನಿಲ್ಲೂದು ಚಲೋ ಅಕ್ಕಾರ,” ಎಂದು ದಾಪುಗಾಲು ಹಾಕಿದಳು.

ಕಾಲೇಜು ಶುರುವಾಗುವ ಹೊತ್ತಿಗೆ ಬಸ್ಸು ಬಂತು. ಹೆಂಗಸರು ಆರತಿ ಮಾಡಿದರು, ಅತ್ತೆ ಅದರ ಮುಂದಿನ ಗಾಲಿಗೆ ನೀರು ಹಾಕಿ ಕುಂಕುಮ ಹಚ್ಚಿದರು. ಮರುದಿನ ಮುಂಜಾನೆ ಗೆಳತಿಯ ಮಗಳು ಎಣ್ಣೆ ಹಚ್ಚಿದ ಎರಡು ಜಡೆ, ಹೊಸ ಚೀಲ, ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದು ನಿಂತುಕೊಂಡು ಹೋದಳು.

ಊಟದ ಪಾಳಿಯನ್ನು ನಾವು ಸರಳವಾಗಿ ಶುರು ಮಾಡಿದ್ದೆವು. ರೊಟ್ಟಿ, ಒಂದು ಪಲ್ಯ, ಅನ್ನ, ಸಾರು. ಆದರೆ ನಮ್ಮ ಊರಿನ ಹೆಂಗಸರು ಸರಳವಾಗಿ ಇರಬೇಕಲ್ಲ! ತಾಟು ಒಂದು ಮನೆಯಿಂದ ಹೊರಟು ಪಂಚಾಯಿತಿ ತಲುಪುವಷ್ಟರಲ್ಲಿ ಇಡೀ ಓಣಿ ಅದರ ಮೇಲಿನ ಅರಿವೆ ಎತ್ತಿ ನೋಡುತ್ತಿತ್ತು. ನಿನ್ನೆ ಅವರ ಮನೆಯಿಂದ ಬದನೆಕಾಯಿ ಎಣಗಾಯಿ ಹೋಗಿದೆಯಂತೆ, ಇವತ್ತು ನಾವು ಬರೀ ಬೇಳೆ ಕಳಿಸಿದರೆ ಹೇಗೆ? ಹೀಗೆ ಎಣಗಾಯಿಯ ಜೊತೆ ಶೇಂಗಾ ಚಟ್ನಿ ಬಂತು, ಕೆನೆ ಮೊಸರು ಬಂತು, ಅಮಾವಾಸ್ಯೆಗೆ ಕಡಬು ಬಂತು. ತಿರ್ಲಾಪುರದ ಕಡೆಯ ಒಬ್ಬ ಡ್ರೈವರು ನಮ್ಮೂರಿಗೆ ಕಾಯಂ ಆಗಿ ಬರುತ್ತಿದ್ದರು. ನಡುವಯಸ್ಸಿನ ಮೃದು ಮನುಷ್ಯ, ಹೆಣ್ಣುಮಕ್ಕಳು ಬಡಿಸಿದರೆ ಒಲ್ಲೆ ಅನ್ನಲು ಬಾಯಿ ಬರುತ್ತಿರಲಿಲ್ಲ. ವರ್ಷ ತುಂಬುವುದರೊಳಗೆ ಅವರ ಖಾಕಿ ಅಂಗಿಯ ಗುಂಡಿಗಳು ಜೀವ ಹಿಡಿದುಕೊಂಡಿದ್ದವು. ಡಿಪೋದಲ್ಲಿ ನಮ್ಮೂರಿನ ಡ್ಯೂಟಿ ತನಗೇ ಬೇಕೆಂದು ಜಗಳ ನಡೆಯುತ್ತದೆ ಎಂದು ಕಂಡಕ್ಟರು ಹೇಳಿದಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಜಿಲ್ಲಾ ಪಂಚಾಯಿತಿಯ ಮೀಟಿಂಗಿನಲ್ಲಿ ಅದನ್ನು ಎದ್ದು ನಿಂತು ಹೇಳಿದೆ.

ಎರಡನೆಯ ವರ್ಷದ ಬೇಸಿಗೆಯ ಆರಂಭ. ಗೆಳತಿಯ ಮಗಳಿಗೆ ಪಿಯುಸಿ ಎರಡನೆಯ ವರ್ಷದ ಪರೀಕ್ಷೆ. ಅದೇ ಹೊತ್ತಿಗೆ ವಿಧಾನಸಭೆಯ ಎಲೆಕ್ಷನ್ನು. ನನ್ನ ಹೆಸರು ಟಿಕೆಟ್ಟಿಗೆ ಓಡಾಡುತ್ತಿತ್ತು, ಆಸೆ ನನಗೂ ಇತ್ತು. ಸುಳ್ಳೇಕೆ, ವಿಧಾನಸೌಧದ ಮೆಟ್ಟಿಲ ಮೇಲೆ ಉಡಬೇಕಾದ ಸೀರೆಯನ್ನೂ ತೆಗೆದಿಟ್ಟಿದ್ದೆ: ಒಂದು ಬೂದುಬಣ್ಣದ ಇಳಕಲ್ಲು. ಹೋಳಿ ಹುಣ್ಣಿಮೆಯ ಮರುದಿನ ಮುಂಜಾನೆ ಹುಬ್ಬಳ್ಳಿಯಲ್ಲಿ ಪಕ್ಷದ ಹಿರಿಯರು ಎಲ್ಲ ಆಕಾಂಕ್ಷಿಗಳನ್ನು ಕರೆದಿದ್ದರು. ನನಗೆ ಕಾರು ಕಳಿಸುತ್ತೇವೆಂದಿದ್ದರು. ಪರೀಕ್ಷೆಯ ಮೊದಲ ಪೇಪರೂ ಅದೇ ದಿನ.

ಹೋಳಿ ಹುಣ್ಣಿಮೆಯೆಂದರೆ ನಮ್ಮಲ್ಲಿ ಮನೆಮನೆಗೂ ಹೋಳಿಗೆ. ಅಂದು ಸಂಜೆ ಊಟದ ಪಾಳಿ ಯಾರದೋ ಒಬ್ಬರದು. ಆದರೆ ಹಬ್ಬದ ದಿನ ಹೆಂಡತಿ ಮಕ್ಕಳನ್ನು ಬಿಟ್ಟು ನಮ್ಮೂರಿನಲ್ಲಿ ಮಲಗಿರುವ ಆ ಮನುಷ್ಯನನ್ನು ನೆನೆದು ಪ್ರತಿಯೊಂದು ಮನೆಯ ಹೆಂಗಸಿಗೂ ಕರುಳು ಚುರಕ್ ಅಂದಿತು. ಒಬ್ಬರಿಗೊಬ್ಬರು ಹೇಳಲಿಲ್ಲ, ಕೇಳಲಿಲ್ಲ. ಎಲ್ಲರೂ ತಾಟು ಕಳಿಸಿದರು. ನಮ್ಮ ಮನೆಯಿಂದಲೂ ಹೋಯಿತು. ಪಾಳಿ ನಮ್ಮದಲ್ಲವಲ್ಲ ಎಂದರೆ, “ಹಬ್ಬದ ದಿನ ಪಾಳಿ ನೋಡ್ತಾರೇನವಾ? ಎರಡ ಹೋಳಿಗಿ, ಒಂದ್ ವಾಟಗಾ ಹಾಲು,” ಎಂದರು ಅತ್ತೆ.

ಮುಂಜಾನೆ ನಾನು ಇಳಕಲ್ ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ಬಸ್ಸಿನ ಕೆಮ್ಮು ಕೇಳಿಸಲಿಲ್ಲ. ಕೇಳಿಸಿದ್ದು ಕಂಡಕ್ಟರು ಓಡಿ ಬಂದ ಸದ್ದು.

“ಅಕ್ಕಾರ, ಡ್ರೈವರ್ ಸಾಹೇಬ್ರು ಏಳವಲ್ರು.”

“ಯಾಕ? ಏನಾತು?”

“ಹೋಳಿಗಿ ಆಗೇತ್ರಿ.”

ಹೋಗಿ ನೋಡಿದರೆ ಡ್ರೈವರು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದರು. ನನ್ನನ್ನು ಕಂಡು ಏಳಲು ನೋಡಿದರು, “ಬಸ್ ಹೊಡಿತೇನ್ರಿ,” ಎಂದರು, ಎದ್ದವರೇ ಚರಗಿ ತೆಗೆದುಕೊಂಡು ಹೊಲದ ಕಡೆ ಓಡಿದರು. ಖೋಲಿಯ ಮೂಲೆಯಲ್ಲಿ ತಾಟುಗಳು ಒಂದರ ಮೇಲೊಂದು, ಎಲ್ಲವೂ ಖಾಲಿ. ಒಂದನ್ನಾದರೂ ಬಿಟ್ಟರೆ ಆ ಮನೆಯವರು ನೊಂದುಕೊಳ್ಳುತ್ತಾರೆಂದು ಆ ಪುಣ್ಯಾತ್ಮ ಎಲ್ಲ ಮನೆಯದನ್ನೂ ಉಂಡಿದ್ದರು. ಕಂಡಕ್ಟರಿಗೆ ಹಲ್ಲುನೋವು, ಅವನು ಬಚಾವಾಗಿದ್ದ. ಆದರೆ ಅವನಿಗೆ ಬಸ್ಸು ಓಡಿಸಲು ಬರುತ್ತಿರಲಿಲ್ಲ.

ಬೇವಿನ ಗಿಡದ ಕೆಳಗೆ ಹುಡುಗಿಯರು ನಿಂತಿದ್ದರು. ಗೆಳತಿಯ ಮಗಳ ಕೈಯಲ್ಲಿ ಹಾಲ್ ಟಿಕೆಟ್ಟು, ಕಣ್ಣಲ್ಲಿ ನೀರು ತುಂಬಿತ್ತು, ಸುರಿದಿರಲಿಲ್ಲ. ನಮ್ಮವರು ಟ್ರ್ಯಾಕ್ಟರಿಗೆ ಟ್ರೇಲರ್ ಸಿಗಿಸಿದರು. ನಮ್ಮೂರಿನ ಹುಡುಗಿಯರನ್ನು ಹತ್ತಿಸಿಕೊಂಡು, ಗೆಳತಿಯೂ ಹತ್ತಿ, ಸೀದಾ ಕುಂದಗೋಳದ ದಾರಿ ಹಿಡಿದರು. ಹಳ್ಳದಾಚೆಯ ಹುಡುಗಿಯರು? ಅಷ್ಟರಲ್ಲಿ ಹುಬ್ಬಳ್ಳಿಯ ಕಾರು ಬಂದು ನಿಂತಿತು.

“ಹಳ್ಳದ ಆಚೀಕ ತಿರುಗಸ್ರಿ,” ಎಂದೆ.

“ಮೇಡಂ, ಸಾಹೇಬ್ರು ಒಂಬತ್ತಕ್ಕ ಅಂದಾರ್ರಿ,” ಎಂದ ಕಾರಿನವನು.

“ತಿರುಗಸಪಾ. ಪರೀಕ್ಷಾನೂ ಒಂಬತ್ತಕ್ಕ.”

ನನ್ನ ತೊಡೆಯ ಮೇಲೆ ಒಬ್ಬಳು, ಗೇರಿನ ಪಕ್ಕ ಒಬ್ಬಳು, ಹಿಂದಿನ ಸೀಟಿನಲ್ಲಿ ಎಷ್ಟು ಜನವೋ ದೇವರೇ ಬಲ್ಲ. ಇಳಕಲ್ಲಿನ ನೆರಿಗೆ ಕುಂದಗೋಳ ತಲುಪುವಷ್ಟರಲ್ಲಿ ಅರಿವೆಯ ಗಂಟಾಗಿತ್ತು. ಹುಡುಗಿಯರು ಒಳಗೆ ಹೋದ ಮೇಲೆ ಗಂಟೆ ಬಾರಿಸಿದ್ದನ್ನು ನಾನು ಗೇಟಿನಲ್ಲಿ ನಿಂತು ಕೇಳಿದೆ.

ಹುಬ್ಬಳ್ಳಿಯಲ್ಲಿ ನನ್ನ ಹೆಸರು ಕರೆದಾಗಿತ್ತು. ಹಿರಿಯರ ಸಹಾಯಕರು ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿದರು. “ಕೂಡ್ರಿ ಮೇಡಂ. ಸಂಜಿಕೆ ಇನ್ನೊಮ್ಮೆ ನೋಡೂಣು ಅಂದಾರ. ಎಲ್ಲೂ ಹೋಗಬ್ಯಾಡ್ರಿ. ಯಾವಾಗ ಕರೀತಾರ ಹೇಳಾಕ ಬರೂದಿಲ್ಲ.”

ಕುಳಿತೆ. ಮಧ್ಯಾಹ್ನ ಅಲ್ಲಿಗೇ ನಮ್ಮವರ ಫೋನು ಬಂತು. ಟ್ರಿಪ್ಪು ತಪ್ಪಿದ ಸುದ್ದಿ ಮೇಲೆ ಹೋಗಿದೆ, ವಸ್ತಿಯನ್ನೇ ರದ್ದು ಮಾಡುವ ಮಾತು ನಡೆದಿದೆ, ಇವತ್ತೇ ಆರ್ಡರ್ ಆಗಬಹುದು. “ನಿನ್ನ ಗೆಳತಿ ಕುಂದಗೋಳದಿಂದ ರೈಲು ಹತ್ತಿ ಹುಬ್ಬಳ್ಳಿಗೆ ಹೋಗ್ಯಾಳ, ಜೋಡಿ ಇನ್ನೂ ಮೂರು ಮಂದಿ ಹೆಣ್ಣುಮಕ್ಕಳು,” ಎಂದರು. “ನೀನು ಅಲ್ಲೇ ಕೂಡ್ರೂದಿದ್ರ ಕೂಡ್ರು. ಅವರು ನೋಡಕೋತಾರ,” ಎಂದೂ ಹೇಳಿದರು.

ಇನ್ನೂ ಪೇಪರುಗಳಿದ್ದವು. ಆ ಹುಡುಗಿ ಒಂದು ಪೇಪರು ಬರೆದು ನಿಂತರೆ ಅವಳಪ್ಪನಿಗೆ ಸೋದರಮಾವನ ನೆನಪು ಬರಲು ಎಷ್ಟು ಹೊತ್ತು? ಕೆಳಗಿನ ಕ್ಲಾಸಿನ ಹುಡುಗಿಯರೂ ಇದ್ದರು. ನಾನು ಪರ್ಸು ತೆಗೆದುಕೊಂಡು ಎದ್ದೆ.

“ಎಲ್ಲಿಗ್ರಿ ಮೇಡಂ? ಕರೀಬಹುದು ಈಗ.”

“ಬಸ್ಸಿನ ಆಫೀಸಿಗೆ. ಕರೆದ್ರ ಹೇಳ್ರಿ, ಬರ್ತೇನಿ ಅಂತ.”

ಸಹಾಯಕರು ಕೈಯಲ್ಲಿದ್ದ ಪೆನ್ನಿನ ಟೊಪ್ಪಿಗೆ ಹಾಕಿ ಜೇಬಿಗಿಟ್ಟುಕೊಂಡರು. ಅದನ್ನು ನೋಡಿದಾಗಲೇ ನನಗೆ ಗೊತ್ತಾಯಿತು.

ಕಚೇರಿಯ ಬಾಗಿಲಲ್ಲಿ ಗೆಳತಿ ಸಿಕ್ಕಳು, ಕಂಕುಳಲ್ಲಿ ಮುಂಜಾನೆ ಬುತ್ತಿಗೆಂದು ಕಟ್ಟಿಕೊಂಡಿದ್ದ ಸ್ಟೀಲ್ ಡಬ್ಬಿ, ಹಿಂದೆ ಉಳಿದ ಮೂವರು. ಒಳಗೆ ಹೋದೆವು. ಅಧಿಕಾರಿ ನಗಲಿಲ್ಲ.

“ಮೇಡಂ, ಯೂ ಗೇವ್ ಮಿ ಎ ಗ್ಯಾರಂಟೀ.”

“ಗ್ಯಾರಂಟೀ ಸ್ವಲ್ಪ ಜಾಸ್ತಿ ಆತ್ರಿ ಸರ್.”

“ಡ್ರೈವರ್ ಮ್ಯಾಲ ಕ್ರಮ ತಗೋಬೇಕಾ, ವಸ್ತಿ ತೆಗೀಬೇಕಾ, ನೀವ ಹೇಳ್ರಿ. ಪರೀಕ್ಷಾ ದಿನ ಟ್ರಿಪ್ ತಪ್ಪಸೋದಂದ್ರ ಏನು?”

ಗೆಳತಿ ಮುಂದೆ ಬಂದು ಡಬ್ಬಿಯನ್ನು ಟೇಬಲ್ ಮೇಲಿಟ್ಟು ಮುಚ್ಚಳ ತೆಗೆದಳು. ಹೋಳಿಗೆಗಳು. “ಸಾಹೇಬ್ರ, ಡ್ರೈವರ್ ತಪ್ಪಿಲ್ರಿ. ಆರೋಪಿನ್ನ ಹಿಡಕೊಂಡು ಬಂದೇವಿ. ನೀವ ವಿಚಾರಣಿ ಮಾಡ್ರಿ.”

“ಏನಿದು?”

“ಒಂದು ತಿಂದು ನೋಡ್ರಿ. ಆಮ್ಯಾಲೆ ಎರಡನೇದು ಒಲ್ಲೆ ಅನ್ನಾಕ ಆಗತೈತೇನ ಹೇಳ್ರಿ. ಆಗತೈತಿ ಅಂದ್ರ ಬಸ್ ತಗದಬಿಡ್ರಿ.”

ಹಿಂದೆ ನಿಂತಿದ್ದ ಗುಮಾಸ್ತರು ಕೆಮ್ಮಿದರು. ಅಧಿಕಾರಿ ನನ್ನ ಮುಖ ನೋಡಿದರು, ಡಬ್ಬಿ ನೋಡಿದರು. ಮುರಿದು ಒಂದು ಚೂರು ಬಾಯಿಗೆ ಹಾಕಿಕೊಂಡರು. ಆಮೇಲೆ ಉಳಿದದ್ದು. ಎರಡನೆಯದಕ್ಕೆ ಕೈ ಹೋದಾಗ ಗುಮಾಸ್ತರೇ ಮೊದಲು ನಕ್ಕರು.

“ಎಷ್ಟು ಮನಿಯಿಂದ ಹೋಗಿತ್ತು?” ಎಂದರು ಅಧಿಕಾರಿ, ಬಾಯಿ ಒರೆಸಿಕೊಳ್ಳುತ್ತಾ.

“ಊರಷ್ಟು ಮನಿಯಿಂದ್ರಿ.”

“ಸತ್ತಿಲ್ಲಲ್ಲ ಅಂವ, ಪುಣ್ಯ. ನೋಡ್ರಿ, ನಂಗೂ ಮ್ಯಾಲಿನವರಿಗೆ ಏನಾರ ತೋರಿಸಬೇಕು. ಇನ್ನ ಮ್ಯಾಲ ಸ್ಟಾಫಿಗೆ ಹಿಂಗ ಉಣ್ಣಸೂದಿಲ್ಲ ಅಂತ ಪಂಚಾಯಿತಿಯಿಂದ ಬರಕೊಡ್ರಿ.”

“ಇವತ್ತ ಸಂಜಿಕೆ ಠರಾವು ಮಾಡ್ತೇವ್ರಿ,” ಎಂದಳು ಗೆಳತಿ.

ಮಾಡಿದರು. ಅಂದು ಸಂಜೆ ಬೇರೊಬ್ಬ ಡ್ರೈವರು ಬಸ್ಸು ತಂದ. ಅದು ಬೇವಿನ ಗಿಡದ ಕೆಳಗೆ ನಿಂತಿರುವಂತೆಯೇ ಒಳಗೆ ಸಭೆ ಸೇರಿತು. ವಸ್ತಿ ಬಸ್ಸಿನ ಸಿಬ್ಬಂದಿಗೆ ರಾತ್ರಿಯ ಊಟದಲ್ಲಿ ರೊಟ್ಟಿ, ಪಲ್ಯ, ಅನ್ನ, ಸಾರು ಬಿಟ್ಟು ಯಾವುದೇ ಸಿಹಿ ಪದಾರ್ಥ ಬಡಿಸಕೂಡದು; ಹಬ್ಬದ ದಿನವೂ ಪಾಳಿಯ ಒಂದೇ ಮನೆಯಿಂದ ಊಟ ಹೋಗತಕ್ಕದ್ದು. ನನ್ನ ಇಷ್ಟು ವರ್ಷಗಳ ರಾಜಕೀಯದಲ್ಲಿ ಒಬ್ಬರೂ ಎದ್ದು ನಿಂತು ತಕರಾರು ಮಾಡದ ಠರಾವೆಂದರೆ ಅದೊಂದೇ. ತಕರಾರು ಮಾಡಿದ್ದು ನಮ್ಮ ಅತ್ತೆ, ಮನೆಯಲ್ಲಿ. “ಬಂದವರಿಗೆ ಸಿಹಿ ಹಾಕಬಾರ್ದು ಅಂತ ಸರಕಾರಿ ಕಾಗದದಾಗ ಬರದ್ರೇನು? ಇಂಥಾ ಪಾಪದ ಠರಾವು ನಮ್ಮ ಮಾವನ ಕಾಲದಾಗೂ ಆಗಿರಲಿಲ್ಲ.”

ಹುಡುಗಿ ಉಳಿದ ಪೇಪರುಗಳನ್ನು ಬಸ್ಸಿನಲ್ಲೇ ಹೋಗಿ ಬರೆದಳು, ನಿಂತುಕೊಂಡು. ಟಿಕೆಟ್ಟು ಬೇರೆಯವರಿಗೆ ಹೋಯಿತು. ಕೆಲವು ದಿನ ಆ ಬೂದು ಇಳಕಲ್ಲನ್ನು ಟ್ರಂಕಿನ ತಳಕ್ಕೆ ಹಾಕಿಟ್ಟಿದ್ದೆ. ಆಮೇಲೆ ಅದನ್ನು ಮನೆಯಲ್ಲೇ ಉಟ್ಟುಕೊಳ್ಳಲು ಶುರುಮಾಡಿದೆ, ಬಹಳ ಮೃದು ಸೀರೆ. ಮುಂದಿನ ಎಲೆಕ್ಷನ್ನಿನಲ್ಲಿ ನಿಂತೆ, ಸೋತೆ. ಹಳ್ಳದಾಚೆಯ ಊರು ಮಾತ್ರ ಗುಡ್ಡೆಯಾಗಿ ವೋಟು ಹಾಕಿತ್ತು. ಆ ಹಿರಿಯರು ಕೋಲೂರಿಕೊಂಡು ಬಂದು, “ಸೀಟಿನ ಋಣ ತೀರಿಸೇವಿ ನೋಡವಾ,” ಎಂದು ಹೇಳಿ ಹೋದರು. ಪಕ್ಷದವರು ನನ್ನನ್ನು ರಾಜ್ಯಮಟ್ಟದ ಒಂದು ಸಮಿತಿಗೆ ಹಾಕಿ ಬೆಂಗಳೂರಿಗೆ ಕಳಿಸಿದರು. ಎರಡು ವರ್ಷ ಅಲ್ಲಿಯ ಎಸಿ ಕೋಣೆಗಳಲ್ಲಿ ರಿಪೋರ್ಟು ಬರೆದೆ, ಬೆಲ್ಲ ಹಾಕಿದ ಸಾರು ಉಂಡೆ. ಒಳ್ಳೆಯ ಜನ, ಒಳ್ಳೆಯ ಕೆಲಸ. ಆದರೆ ಮುಂಜಾನೆ ಎಚ್ಚರವಾದಾಗ ಕಿವಿ ಏನನ್ನೋ ಕಾಯುತ್ತಿತ್ತು. ಅವಧಿ ಮುಗಿದ ದಿನವೇ ಗಂಟುಮೂಟೆ ಕಟ್ಟಿದೆ.

ಅತ್ತೆ ಹೋಗಿ ಬಹಳ ವರ್ಷವಾಯಿತು. ನಮ್ಮವರು ಹೋಗಿ ಮೂರು ವರ್ಷ. ಬಸ್ಸು ಮಲಗುವ ಜಾಗ ಅವರು ಪೇಪರ್ ಓದುತ್ತಾ ಕುಳಿತಿರುತ್ತಿದ್ದ ಜಾಗವೇ. ಅತ್ತ ಹೋದಾಗಲೆಲ್ಲ ಗಾಲಿಗೊಮ್ಮೆ ಕೈ ತಾಗಿಸಿ ಬರುತ್ತೇನೆ, ಯಾರೂ ನೋಡದಿದ್ದಾಗ. ಈಗ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಮುಂಜಾನೆ ಕಾಲಿಡಲು ಜಾಗವಿರುವುದಿಲ್ಲ. ಗೆಳತಿಯ ಮಗಳು ಕುಂದಗೋಳದ ದವಾಖಾನೆಯಲ್ಲಿ ನರ್ಸು. ಓದು ಮುಗಿಸಿ, ಕೆಲಸ ಸಿಕ್ಕಿ, ಆಮೇಲೆ ಮದುವೆಯಾದಳು. ಸೋದರಮಾವನನ್ನಲ್ಲ. ಗೆಳತಿ ಈಗ ಪಂಚಾಯಿತಿಯ ಅಧ್ಯಕ್ಷೆ.

ಈ ಸಲದ ಹೋಳಿ ಹುಣ್ಣಿಮೆಗೆ ಊಟದ ಪಾಳಿ ನಮ್ಮ ಮನೆಗೇ ಬಂತು. ಸೊಸೆ ಹೋಳಿಗೆ ಮಾಡಿದ್ದಳು. ನನಗೆ ತಡೆಯಲಾಗಲಿಲ್ಲ. ರೊಟ್ಟಿಯ ಕೆಳಗೆ ಒಂದೇ ಒಂದು ಹೋಳಿಗೆ ಇಟ್ಟು, ಅರಿವೆ ಮುಚ್ಚಿ, ನಾನೇ ಮೆಲ್ಲಗೆ ಪಂಚಾಯಿತಿಗೆ ಹೊರಟೆ. ಗೆಳತಿ ಕಟ್ಟೆಯ ಮೇಲೆ ಕುಳಿತಿದ್ದಳು. ಇವಳು ಹುಣ್ಣಿಮೆಯ ಸಂಜೆ ತಪ್ಪದೆ ಅಲ್ಲಿ ಕೂರುತ್ತಾಳೆ.

“ತಾಟು ಇಲ್ಲೆ ತರ್ರಿ ಅಕ್ಕಾರ.” ಅರಿವೆ ಎತ್ತಿದಳು, ರೊಟ್ಟಿ ಎತ್ತಿದಳು. “ಇದೇನ್ರಿ?”

“ಒಂದ ಐತಿ.”

“ಠರಾವು ಐತ್ರಿ.”

“ಅರ್ಧಾನರ ಇರಲಿ.”

“ನೀವು ಲೀಡರ್ ಆಗಿ ಹಿಂಗ ಮಾಡಿದ್ರ ಮಂದಿ ಏನ್ ಮಾಡಬೇಕ್ರಿ?” ಎಂದು ಹೋಳಿಗೆ ಎತ್ತಿ ತಾನೇ ಬಾಯಿಗೆ ಹಾಕಿಕೊಂಡಳು.

ಹೊಸ ಡ್ರೈವರು, ಮೀಸೆ ಈಗಷ್ಟೇ ದಪ್ಪಗಾಗುತ್ತಿರುವ ಹುಡುಗ, ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದ. “ಅವ್ವಾರ, ವಾಸನಿ ತಗೋಳಾಕ ಠರಾವಿನಾಗ ಅಡ್ಡಿ ಇಲ್ಲಲ್ರಿ?”

“ಸುಮ್ನ ರೊಟ್ಟಿ ತಿಂದು ಮಲಗೋ ತಮ್ಮಾ. ಮುಂಜಾನೆ ನೋಡೂಣು.”

ಮುಂಜಾನೆ ನಾನು ಹಾಸಿಗೆಯಲ್ಲಿದ್ದೆ. ಬಸ್ಸು ಎರಡು ಸಲ ಕೆಮ್ಮಿತು. ಹಳ್ಳದಾಚೆಗೆ ಹೋಗಿ, ಸೀಟೆಲ್ಲ ತುಂಬಿಸಿಕೊಂಡು ಹೊಳ್ಳಿ ಬಂತು. ನಮ್ಮ ಹುಡುಗಿಯರು ಗದ್ದಲ ಮಾಡುತ್ತಾ ಹತ್ತಿದರು, ಒಳಗೆ ಸರೀರಿ, ಸರೀರಿ ಎಂದು ಕಂಡಕ್ಟರು ಕೂಗಿದ. ಅದರ ಮೇಲೆ ಗೆಳತಿಯ ದನಿ, ಇಡೀ ಓಣಿಗೆ ಕೇಳುವಂತೆ:

“ಏ ಡ್ರೈವರಪ್ಪಾ, ಡಬ್ಬಿ ಹಿಡಿ. ಅಕ್ಕಾರ ಮನೀ ಹೋಳಿಗಿ, ಅವರ ಸೊಸಿ ಕಡೆಯಿಂದ ಇಸಕೊಂಡೇನಿ. ಕುಂದಗೋಳ ಮುಟ್ಟೂತನಾ ಮುಚ್ಚಳ ತೆಗೆದೀ, ನೋಡು ಮತ್ತ!”

ಗೇರು ಬಿತ್ತು. ನಾನು ಚಹಾಕ್ಕೆ ಎದ್ದೆ.